ಮರೆಹೊಕ್ಕವನಿಗಾಗಿ ಉರಿದ ಬೆಟ್ಟ

ತುಂಗಭದ್ರೆಯ ದಕ್ಷಿಣ ದಂಡೆಯ ಹಂಪಿಯನ್ನು ಕಾಣಲು ಲೋಕದ ನಾನಾ ಮೂಲೆಗಳಿಂದ ಜನ ಬರುತ್ತಾರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಹಾಳು ಪಟ್ಟಣದ ಕಲ್ಲಿನ ರಥ, ಆನೆಲಾಯ, ಮಹಾನವಮಿ ದಿಬ್ಬಗಳ ಚಿತ್ರಗಳು ಶಾಲಾ ಪಠ್ಯಗಳಲ್ಲಿವೆ, ಕಲ್ಲಿನ ರಥ ನೋಟಿನ ಮೇಲೂ ಇದೆ. ಆದರೆ ಅದೇ ಹೊಳೆಯನ್ನು ದಾಟಿ ಉತ್ತರಕ್ಕೆ ಬರುವವರು ಕಡಿಮೆ. ಬಂದವರಲ್ಲೂ ಹೆಚ್ಚಿನವರು ಆನೆಗೊಂದಿ, ಅಂಜನಾದ್ರಿಗಳನ್ನು ನೋಡಿ ಮರಳುತ್ತಾರೆ. ಗಂಗಾವತಿ ಸೀಮೆಯ ಜಬ್ಬಲಗುಡ್ಡದ ಬಳಿ, ಬಂಡೆಯ ಮೇಲೆ ಬಂಡೆ ಒಟ್ಟಿಟ್ಟಂತೆ ನಿಂತಿರುವ ಬೆಟ್ಟಗಳ ನಡುವೆ, ಒಂದು ಹಳೆಯ ಕೋಟೆಯ ಅವಶೇಷಗಳಿವೆ. ಅದು ಕುಮ್ಮಟದುರ್ಗ. ವಿಜಯನಗರ ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಮೊದಲು, ಹದಿನಾಲ್ಕನೆಯ ಶತಮಾನದ ಅತ್ಯಂತ ವಿಚಿತ್ರವೂ ದಾರುಣವೂ ಆದ ಘಟನೆಗಳಲ್ಲಿ ಒಂದು ಈ ಬೆಟ್ಟದಲ್ಲಿ ಆರಂಭವಾಯಿತು.

ಈ ಕಥೆಯನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ನಾಡಿದು. ಇಲ್ಲಿಯ ಬೆಟ್ಟಗಳಿಗೆ ಕಾಡಿನ ಹೊದಿಕೆ ತೆಳುವು. ಮಲೆನಾಡಿನ ಬೆಟ್ಟಗಳಂತೆ ಅವು ವರ್ಷವಿಡೀ ತೊರೆಗಳನ್ನು ಹರಿಸುವುದಿಲ್ಲ. ಆದುದರಿಂದಲೇ ಅವುಗಳನ್ನು ‘ಬರಡು ಗುಡ್ಡ’ ಎಂದು ಕರೆದು, ಕಲ್ಲಿನ ಬೆಲೆಯಿಂದ ಮಾತ್ರ ಅಳೆಯುವ ರೂಢಿ ಬೆಳೆದಿದೆ. ಬರಡೆಂದು ಕರೆಸಿಕೊಂಡ ಬೆಟ್ಟವೊಂದು ಏನನ್ನು ಕಾಪಾಡಿತ್ತು, ಅದಕ್ಕಾಗಿ ಎಂತಹ ಬೆಲೆ ತೆತ್ತಿತು ಎಂಬುದು ತಿಳಿದರೆ ಆ ಅಳತೆಗೋಲನ್ನು ಬದಲಿಸಬೇಕಾದೀತು.

ಎರಡು ಶಕ್ತಿಗಳ ನಡುವಣ ನಾಡು

ಹದಿಮೂರನೆಯ ಶತಮಾನದ ಕೊನೆಯಲ್ಲಿ ತುಂಗಭದ್ರೆಯ ಎರಡೂ ದಂಡೆಗಳ ಈ ಪ್ರದೇಶವು ದೇವಗಿರಿಯ ಸೇವುಣರಿಗೂ ದೋರಸಮುದ್ರದ ಹೊಯ್ಸಳರಿಗೂ ನಡುವಣ ಗಡಿನಾಡಾಗಿತ್ತು. ಸೇವುಣರ ಪಕ್ಷದಲ್ಲಿದ್ದ ಮುಮ್ಮಡಿ ಸಿಂಗನೆಂಬ ನಾಯಕ ಇಲ್ಲಿ ನೆಲೆಯೂರಿದನು. ಅವನ ಮಗನೇ ಕಂಪಿಲರಾಯ. ದಿಲ್ಲಿಯ ಸೈನ್ಯಗಳು ದೇವಗಿರಿಯನ್ನು ಮಣಿಸಿ, 1318ರಲ್ಲಿ ಅಲ್ಲಿಯ ಹರಪಾಲದೇವನನ್ನು ಜೀವಂತವಾಗಿ ಚರ್ಮ ಸುಲಿಸಿ ಕೊಂದ ಮೇಲೆ ಸೇವುಣರ ಕಥೆ ಮುಗಿಯಿತು. ಹೊಯ್ಸಳರ ಮೂರನೆಯ ಬಲ್ಲಾಳನು 1311ರಲ್ಲಿಯೇ ಮಲಿಕ್ ಕಾಫೂರನಿಗೆ ಶರಣಾಗಿ ಕಪ್ಪ ಕೊಟ್ಟಿದ್ದನು. ಹೀಗೆ ಅಕ್ಕಪಕ್ಕದ ದೊಡ್ಡ ಮರಗಳೆರಡೂ ಗಾಳಿಗೆ ಬಾಗಿದಾಗ, ನಡುವೆ ಇದ್ದ ಕಂಪಿಲನ ಸಣ್ಣ ರಾಜ್ಯ ತನ್ನ ಬೆಟ್ಟಗಳನ್ನು ನೆಚ್ಚಿ ಸ್ವತಂತ್ರವಾಗಿ ತಲೆಯೆತ್ತಿ ನಿಂತಿತು. ಹೊಳೆಯ ದಂಡೆಯ ಕಂಪಿಲಿ ಅದರ ಊರು. ಕುಮ್ಮಟ ಅದರ ಕೋಟೆ.

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಈ ಅರಸನ ನಾಡನ್ನು ದುರ್ಗಮವಾದ ಪರ್ವತಗಳ ನಡುವಣ ನಾಡೆಂದು ಬಣ್ಣಿಸಿದ್ದಾನೆ. ಇಂದು ಗಂಗಾವತಿಯಿಂದ ಕೊಪ್ಪಳದ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೂ ಆ ಮಾತಿನ ಅರ್ಥ ತಿಳಿಯುತ್ತದೆ. ಒಂದು ಬಂಡೆಯ ಹಿಂದೆ ನೂರು ಮಂದಿ ಅಡಗಬಹುದು. ದಾರಿ ಬಲ್ಲವನಿಗೆ ಮಾತ್ರ ದಾರಿ ಇದೆ.

ಓಡಿ ಬಂದವನು

ದಿಲ್ಲಿಯ ಸುಲ್ತಾನ ಘಿಯಾಸುದ್ದೀನ್ ತುಘಲಕನಿಗೆ ಬಹಾವುದ್ದೀನ್ ಗುರ್ಶಾಸ್ಪನೆಂಬ ಸೋದರಳಿಯನಿದ್ದನು. ಅವನಿಗೆ ದೊರೆತಿದ್ದ ಸೀಮೆ ಸಗರ. ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ ಊರು. 1325ರಲ್ಲಿ ಘಿಯಾಸುದ್ದೀನ್ ತೀರಿಕೊಂಡು ಮಹಮ್ಮದ್ ಬಿನ್ ತುಘಲಕ್ ಪಟ್ಟವೇರಿದಾಗ ಗುರ್ಶಾಸ್ಪನು ಹೊಸ ಸುಲ್ತಾನನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಬಂಡೆದ್ದನು. ಸುಲ್ತಾನನ ಸೈನ್ಯ ಅವನನ್ನು ಸೋಲಿಸಿತು. ಅವನು ತನ್ನ ಕುಟುಂಬವನ್ನು ಕರೆದುಕೊಂಡು ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ ಓಡಿ, ಕಂಪಿಲರಾಯನ ಮರೆಹೊಕ್ಕನು.

ಕಂಪಿಲನ ಮುಂದೆ ಇದ್ದ ಪ್ರಶ್ನೆ ಸರಳವಾಗಿರಲಿಲ್ಲ. ಬಂದವನು ಅವನ ಕುಲದವನಲ್ಲ, ಧರ್ಮದವನಲ್ಲ, ಭಾಷೆಯವನೂ ಅಲ್ಲ. ನೆರೆಯ ಸೀಮೆಯಲ್ಲಿ ದಿಲ್ಲಿಯ ಅಧಿಕಾರ ನಡೆಸಿದವನು. ನಿನ್ನೆಯವರೆಗೆ ಎದುರು ಪಕ್ಷದವನು. ಅವನನ್ನು ಕಟ್ಟಿ ಒಪ್ಪಿಸಿದ್ದರೆ ಸುಲ್ತಾನನ ಸ್ನೇಹ ದೊರೆಯುತ್ತಿತ್ತು. ಇಟ್ಟುಕೊಂಡರೆ ಬರುವುದೇನೆಂಬುದಕ್ಕೆ ಹರಪಾಲದೇವನ ಚರ್ಮವೇ ಸಾಕ್ಷಿಯಾಗಿತ್ತು. ಆದರೆ ಕನ್ನಡ ನಾಡಿನ ಶಾಸನಗಳಲ್ಲಿ ಅರಸರಿಗೂ ವೀರರಿಗೂ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಮತ್ತೆ ಮತ್ತೆ ಕಾಣುತ್ತದೆ. ಬಿರುದನ್ನು ಕಲ್ಲಿನಲ್ಲಿ ಕೆತ್ತಿಸುವುದು ಸುಲಭ. ಅದು ನಿಜವೇ ಎಂದು ಕೇಳುವ ದಿನ ಎಲ್ಲರಿಗೂ ಬರುವುದಿಲ್ಲ. ಕಂಪಿಲನಿಗೆ ಆ ದಿನ ಬಂದಿತು. ಅವನು ಗುರ್ಶಾಸ್ಪನನ್ನು ಒಪ್ಪಿಸಲಿಲ್ಲ.

ಹಸಿವಿಗೆ ಸೋತ ಕೋಟೆ

1327ರ ಸುಮಾರಿಗೆ ಸುಲ್ತಾನನ ಸೈನ್ಯಗಳು ಕುಮ್ಮಟದ ಮೇಲೆ ಬಂದವು. ಪಾರಸಿ ಇತಿಹಾಸಕಾರರ ಪ್ರಕಾರ ಎರಡು ದಾಳಿಗಳನ್ನು ಕಂಪಿಲನ ಕಡೆಯವರು ಹಿಮ್ಮೆಟ್ಟಿಸಿದರು. ಮೂರನೆಯ ದಾಳಿಗೆ ಕುಮ್ಮಟ ನಿಲ್ಲಲಿಲ್ಲ. ಕಂಪಿಲನು ತನ್ನವರನ್ನೂ ಮರೆಹೊಕ್ಕವನನ್ನೂ ಕರೆದುಕೊಂಡು ಹೊಸದುರ್ಗವೆಂಬ ಇನ್ನೊಂದು ಕೋಟೆಯನ್ನು ಸೇರಿದನು. ಆ ಹೊಸದುರ್ಗವನ್ನು ಕೆಲವು ವಿದ್ವಾಂಸರು ಆನೆಗೊಂದಿಯ ಬೆಟ್ಟವೆಂದೂ, ಕೆಲವರು ಸಂಡೂರಿನ ರಾಮಗಡದ ಹೊಸಮಲೆದುರ್ಗವೆಂದೂ ಗುರುತಿಸಿದ್ದಾರೆ.

ಅಲ್ಲಿಯೂ ಮುತ್ತಿಗೆ ಬಿದ್ದಿತು. ಇಬ್ನ್ ಬತೂತನ ಬರಹದಲ್ಲಿ ಕಂಪಿಲನನ್ನು ಕೊನೆಗೆ ಸೋಲಿಸಿದ್ದು ಕತ್ತಿಯಲ್ಲ; ಕೋಟೆಯೊಳಗಿನ ದವಸ ತೀರಿತು. ಬೆಟ್ಟದ ಬದುಕನ್ನು ಬಲ್ಲ ಓದುಗರು ಇಲ್ಲಿ ತುಸು ನಿಂತು ಯೋಚಿಸಬೇಕು. ಕಲ್ಲು ಬೆಟ್ಟದ ಮೇಲೆ ನೀರು ನಿಲ್ಲುವುದು ಬಂಡೆಯ ದೊಣೆಗಳಲ್ಲಿ, ಕಟ್ಟಿದ ಕೊಳಗಳಲ್ಲಿ. ಬೆಳೆ ಬೆಳೆಯುವುದು ಕೆಳಗಿನ ಬಯಲಿನಲ್ಲಿ, ಕೆರೆಯ ಹಿಂದೆ, ಹೊಳೆಯ ದಂಡೆಯಲ್ಲಿ. ಬೆಟ್ಟ ಶತ್ರುವಿನಿಂದ ಮರೆ ಕೊಡಬಲ್ಲದು. ಅನ್ನವನ್ನು ಬಯಲು ಕೊಡಬೇಕು. ಬಯಲು ಕೈತಪ್ಪಿದ ಮೇಲೆ ಎಂತಹ ಎತ್ತರದ ದುರ್ಗಕ್ಕೂ ದಿನಗಳು ಎಣಿಕೆಯಲ್ಲಿರುತ್ತವೆ.

ದವಸ ತೀರಿ, ಸೆರೆಯಾಗುವುದು ಖಚಿತವಾದಾಗ ಕಂಪಿಲನು ಗುರ್ಶಾಸ್ಪನನ್ನು ಕರೆಸಿದನು. ಸ್ಥಿತಿ ಹೀಗಿದೆ, ತಾನೂ ತನ್ನವರೂ ಸಾಯಲು ನಿಶ್ಚಯಿಸಿದ್ದೇವೆ, ನೀನು ಇಂತಹ ಅರಸನ ಬಳಿಗೆ ಹೋಗಿ ಬದುಕಿಕೋ ಎಂದು ಹೇಳಿ, ಅವನನ್ನು ಅಲ್ಲಿಗೆ ಮುಟ್ಟಿಸಲು ಜತೆಗೆ ಜನವನ್ನೂ ಕೊಟ್ಟನು. ತನ್ನ ಸಾವನ್ನು ಎದುರಿಗಿಟ್ಟುಕೊಂಡು ಅವನು ಮೊದಲು ಮಾಡಿದ ಕೆಲಸ ಅತಿಥಿಯನ್ನು ಸುರಕ್ಷಿತವಾಗಿ ಹೊರಗೆ ಕಳುಹಿಸಿದ್ದು.

ಅನಂತರ ಅವನು ದೊಡ್ಡ ಬೆಂಕಿಯನ್ನು ಹೊತ್ತಿಸಿ ತನ್ನ ಸಂಪತ್ತನ್ನೆಲ್ಲ ಅದಕ್ಕೆ ಹಾಕಿಸಿದನು. ತಾನು ಸಾಯಲಿದ್ದೇನೆ, ಇಷ್ಟವಿದ್ದವರು ಹಾಗೆಯೇ ಮಾಡಬಹುದು ಎಂದು ಹೆಂಡಿರಿಗೂ ಹೆಣ್ಣುಮಕ್ಕಳಿಗೂ ಹೇಳಿದನು. ಒಬ್ಬೊಬ್ಬರೂ ಮಿಂದು, ಗಂಧ ಪೂಸಿಕೊಂಡು, ಅವನ ಮುಂದೆ ನೆಲ ಮುಟ್ಟಿ ನಮಸ್ಕರಿಸಿ ಬೆಂಕಿಯೊಳಗೆ ಬಿದ್ದರು. ಮಂತ್ರಿಗಳ, ಸರದಾರರ ಮನೆಯ ಹೆಂಗಸರೂ ಅದೇ ದಾರಿ ಹಿಡಿದರು. ಗಂಡಸರು ಮಿಂದು, ಗಂಧ ಪೂಸಿಕೊಂಡು, ಆಯುಧ ಹಿಡಿದು, ಕವಚ ತೊಡದೆ ಹೊರಬಂದು ಕಾದಾಡಿ ಸತ್ತರು. ಉಳಿದ ಜನ ಸೆರೆಯಾದರು.

ಇದನ್ನು ವೈಭವೀಕರಿಸುವುದು ತರವಲ್ಲ. ಸೋತ ಕೋಟೆಯೊಳಗಿನ ಹೆಣ್ಣಿಗೆ ‘ಇಷ್ಟವಿದ್ದರೆ’ ಎಂಬ ಮಾತಿನಲ್ಲಿ ಎಷ್ಟು ಇಷ್ಟ ಉಳಿದಿತ್ತು ಎಂಬುದನ್ನು ಕೇಳಲೇಬೇಕು. ಕೊಟ್ಟ ಮಾತು ಅರಸನದು. ಬೆಲೆ ತೆತ್ತವರಲ್ಲಿ ಆ ಮಾತನ್ನು ಕೊಡದವರೇ ಹೆಚ್ಚು. ಬಯಲಿನ ಯಾವ ಊರಿನ ಬೆಳೆ ಸೈನ್ಯಕ್ಕೆ ತುತ್ತಾಯಿತು, ಯಾವ ಕೇರಿಯ ಜನ ಸೆರೆಯಾಗಿ ಎಲ್ಲಿಗೆ ಮಾರಿಹೋದರು ಎಂಬುದನ್ನು ಯಾವ ಬಖೈರೂ ಬರೆದಿಲ್ಲ. ಕಂಪಿಲನ ನಿಷ್ಠೆಯನ್ನು ಮೆಚ್ಚುವವರು ಈ ಲೆಕ್ಕವನ್ನೂ ಮರೆಯಬಾರದು.

ಎರಡು ಚರ್ಮ, ಒಬ್ಬ ಪ್ರವಾಸಿ

ಗುರ್ಶಾಸ್ಪನು ಹೋಗಿ ಸೇರಿದ ಅರಸನ ಹೆಸರನ್ನು ಇಬ್ನ್ ಬತೂತ ಹೇಳುವುದಿಲ್ಲ. ಅವನು ಹೊಯ್ಸಳ ಮೂರನೆಯ ಬಲ್ಲಾಳನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಬಲ್ಲಾಳನು ದಿಲ್ಲಿಯ ಸೈನ್ಯದ ಪೆಟ್ಟನ್ನು ಒಮ್ಮೆ ಉಂಡವನು. ಕಂಪಿಲನ ಗತಿಯನ್ನು ಅರಿತಿದ್ದ ಅವನು ಗುರ್ಶಾಸ್ಪನನ್ನು ಹಿಡಿದು ಸುಲ್ತಾನನ ಸೇನಾಪತಿಗೆ ಒಪ್ಪಿಸಿದನು.

ಮುಂದಿನದು ಹೇಳಲು ಕಷ್ಟವಾದ ಮಾತು. ಗುರ್ಶಾಸ್ಪನನ್ನು ಜೀವಂತವಾಗಿ ಚರ್ಮ ಸುಲಿಸಲಾಯಿತು. ಅವನ ಮಾಂಸವನ್ನು ಅಕ್ಕಿಯೊಡನೆ ಬೇಯಿಸಿ ಅವನ ಮಕ್ಕಳಿಗೂ ಮನೆಯವರಿಗೂ ಕಳುಹಿಸಿದರೆಂದೂ, ಮಿಕ್ಕುದನ್ನು ಆನೆಗಳ ಮುಂದೆ ಇಟ್ಟಾಗ ಅವು ಮುಟ್ಟಲಿಲ್ಲವೆಂದೂ ಇಬ್ನ್ ಬತೂತ ಬರೆದಿದ್ದಾನೆ. ಚರ್ಮಕ್ಕೆ ಹುಲ್ಲು ತುಂಬಿ, ಬಂಗಾಳದ ಬಂಡಾಯಗಾರ ಘಿಯಾಸುದ್ದೀನ್ ಬಹಾದುರನ ಚರ್ಮದೊಡನೆ, ನಾಡಿನ ಊರೂರುಗಳಲ್ಲಿ ಮೆರೆಸಲಾಯಿತು. ಅವು ಸಿಂಧ್ ಸೀಮೆಯನ್ನು ತಲುಪಿದಾಗ ಅಲ್ಲಿಯ ಅಧಿಪತಿ ಕಿಷ್ಲೂಖಾನನು ಅವನ್ನು ಮಣ್ಣು ಮಾಡಿಸಿದನು. ಸತ್ತವನಿಗೆ ಮಣ್ಣು ಕೊಟ್ಟದ್ದೇ ಅಪರಾಧವಾಯಿತು. ಸುಲ್ತಾನನು ಕೋಪಗೊಂಡನು, ಕಿಷ್ಲೂಖಾನನು ಬಂಡೆದ್ದು ಹತನಾದನು. ಇಬ್ನ್ ಬತೂತ ಮುಲ್ತಾನಿಗೆ ಬಂದಾಗ ಅವನ ತಲೆ ಅವನ ಮನೆಯ ಬಾಗಿಲಿಗೆ ಇನ್ನೂ ತೂಗುತ್ತಿತ್ತು. ತುಂಗಭದ್ರೆಯ ದಂಡೆಯ ಬೆಟ್ಟವೊಂದು ಕೊಟ್ಟ ಆಶ್ರಯದ ಕಥೆ ಹೀಗೆ ಸಿಂಧೂ ನದಿಯ ಸೀಮೆಯವರೆಗೆ ರಕ್ತ ಹರಿಸಿತು.

ಬಲ್ಲಾಳನಾದರೂ ಉಳಿದನೇ? ಗುರ್ಶಾಸ್ಪನನ್ನು ಒಪ್ಪಿಸಿ ಅವನು ಗಳಿಸಿದ್ದು ಸುಮಾರು ಹದಿನೈದು ವರ್ಷ. 1342ರ ಸುಮಾರಿಗೆ, ಮುಪ್ಪಿನ ವಯಸ್ಸಿನಲ್ಲಿ, ಮಧುರೆಯ ಸುಲ್ತಾನನೊಡನೆ ಕಾದಾಡುತ್ತ ಅವನು ಸೆರೆಸಿಕ್ಕನು. ಬಿಡುಗಡೆಯ ಆಸೆ ತೋರಿಸಿ ಅವನಿಂದ ಹಣ, ಕುದುರೆ, ಆನೆಗಳನ್ನೆಲ್ಲ ಕಸಿದುಕೊಂಡ ಮೇಲೆ ಅವನನ್ನು ಕೊಂದು, ಚರ್ಮ ಸುಲಿಸಿ, ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಲಾಯಿತು. ಕೆಲವು ಕಾಲದ ಬಳಿಕ ಮಧುರೆಗೆ ಹೋದ ಇಬ್ನ್ ಬತೂತ ಅದನ್ನು ತನ್ನ ಕಣ್ಣಿನಿಂದ ಕಂಡುದಾಗಿ ದಾಖಲಿಸಿದ್ದಾನೆ. ಮರೆಹೊಕ್ಕವನನ್ನು ಸುಲಿಯಲು ಒಪ್ಪಿಸಿದವನೂ ಅದೇ ರೀತಿ ಸುಲಿಯಲ್ಪಟ್ಟನು. ಇದನ್ನು ಕರ್ಮದ ಫಲವೆಂದು ಸುಲಭವಾಗಿ ಹೇಳಿ ಮುಗಿಸಬಹುದು. ಆದರೆ ಕಂಪಿಲನು ಒಪ್ಪಿಸದೆ ಸತ್ತನು, ಬಲ್ಲಾಳನು ಒಪ್ಪಿಸಿಯೂ ಸತ್ತನು. ದೊಡ್ಡ ಶಕ್ತಿಯೊಂದಕ್ಕೆ ಇನ್ನೊಬ್ಬನನ್ನು ಬಲಿಕೊಟ್ಟು ತಾನು ಶಾಶ್ವತವಾಗಿ ಉಳಿಯಬಹುದೆಂಬ ಲೆಕ್ಕಾಚಾರ ಆ ಶತಮಾನದಲ್ಲಿ ಫಲಿಸಲಿಲ್ಲ.

ನೀರಿಗೆ ಮುದ್ರೆ ಹಾಕುವ ಮಗ

ಕಂಪಿಲನ ಹನ್ನೊಂದು ಮಂದಿ ಗಂಡುಮಕ್ಕಳು ಸೆರೆಯಾಗಿ ದಿಲ್ಲಿಗೆ ಹೋದರು. ಅವರೆಲ್ಲರೂ ಇಸ್ಲಾಮಿಗೆ ಸೇರಿದರು. ಅವರ ಕುಲವನ್ನೂ ತಂದೆಯ ನಡತೆಯನ್ನೂ ಮನ್ನಿಸಿ ಸುಲ್ತಾನನು ಅವರನ್ನು ಅಮೀರರನ್ನಾಗಿ ಮಾಡಿದನೆಂದು ಇಬ್ನ್ ಬತೂತ ಹೇಳುತ್ತಾನೆ. ತನ್ನ ಮಾತನ್ನು ಮೀರಿದ್ದಕ್ಕಾಗಿ ಯಾವನ ವಂಶವನ್ನು ಸುಟ್ಟನೋ ಅವನ ನಿಷ್ಠೆಯನ್ನೇ ಆ ಸುಲ್ತಾನ ಗೌರವಿಸಿದನು! 1333ರಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಅವರಲ್ಲಿ ಮೂವರನ್ನು ದಿಲ್ಲಿಯಲ್ಲಿ ಕಂಡನು: ನಾಸಿರ್, ಬಖ್ತಿಯಾರ್ ಮತ್ತು ‘ಮುಹ್ರ್‌ದಾರ್’. ಮೂರನೆಯವನು ಮುದ್ರಾಧಿಕಾರಿ, ಸುಲ್ತಾನನು ಕುಡಿಯುವ ನೀರಿಗೆ ಮುದ್ರೆ ಹಾಕುವುದು ಅವನ ಕೆಲಸ. ಅಬೂ ಮುಸ್ಲಿಂ ಎಂದು ಕರೆಸಿಕೊಂಡಿದ್ದ ಆತನು ಪ್ರವಾಸಿಗೆ ಗೆಳೆಯನಾದನು.

ಈ ಒಂದು ಚಿತ್ರವನ್ನು ಮರೆಯುವುದು ಕಷ್ಟ. ತುಂಗಭದ್ರೆಯ ನೀರು ಕುಡಿದು ಬೆಳೆದವನು, ಮುತ್ತಿಗೆಯ ಬೆಟ್ಟದಲ್ಲಿ ತಾಯಿ ಅಕ್ಕತಂಗಿಯರನ್ನು ಬೆಂಕಿಗೆ ಕಳೆದುಕೊಂಡವನು, ನೂರಾರು ಮೈಲಿ ಆಚೆ ಬೇರೊಂದು ಹೆಸರು ಹೊತ್ತು, ತನ್ನ ಮನೆಯನ್ನು ಅಳಿಸಿದವನು ಕುಡಿಯುವ ನೀರಿನ ಕೊಡಗಳಿಗೆ ಮುದ್ರೆ ಒತ್ತುತ್ತಿದ್ದನು. ವಿಷ ಬೀಳದಂತೆ ನೋಡಿಕೊಳ್ಳುವ ಆ ಕೆಲಸವನ್ನು ಸುಲ್ತಾನನು ಅವನಿಗೇ ನಂಬಿ ಕೊಟ್ಟಿದ್ದನು. ತಂದೆ ನಂಬಿದವರಿಗೆ ಕೇಡೆಣಿಸಲಿಲ್ಲ ಎಂಬುದು ಅದಕ್ಕೆ ಕಾರಣವಾಗಿತ್ತೋ ಏನೋ. ಇಬ್ನ್ ಬತೂತ ಮುತ್ತಿಗೆಯನ್ನು ಕಂಡವನಲ್ಲ. ಬೆಂಕಿಯ, ಗಂಧದ, ಕೊನೆಯ ನಮಸ್ಕಾರದ ವಿವರಗಳು ಈ ಗೆಳೆಯನ ಬಾಯಿಂದಲೇ ಅವನಿಗೆ ತಿಳಿದಿರಬಹುದೆಂದು ಊಹಿಸುವುದು ಅಸಹಜವಲ್ಲ.

ಇದೇ ಘಟನೆಯನ್ನು ದಾಖಲಿಸಿದ ಇನ್ನೊಬ್ಬನ ಕಥೆಯೂ ಇಂತಹುದೇ. ‘ಫುತೂಹುಸ್ಸಲಾತೀನ್’ ಎಂಬ ಪಾರಸಿ ಕಾವ್ಯವನ್ನು 1350ರಲ್ಲಿ ಬಹಮನಿ ಆಶ್ರಯದಲ್ಲಿ ಮುಗಿಸಿದ ಇಸಾಮಿಯ ಮನೆತನವನ್ನು 1327ರಲ್ಲಿ ದಿಲ್ಲಿಯಿಂದ ಬಲವಂತವಾಗಿ ದೌಲತಾಬಾದಿಗೆ ಹೊರಡಿಸಲಾಗಿತ್ತು. ಅವನ ಮುದಿ ಅಜ್ಜ ದಾರಿಯಲ್ಲಿಯೇ ತೀರಿಕೊಂಡನು. ಕಂಪಿಲನ ಪತನದ ಕಥೆಯನ್ನು ಉಳಿಸಿದವರು ಹೀಗೆ ಮನೆಮಠ ಬಿಟ್ಟು ಅಲೆದವರು, ಅಲೆಸಲ್ಪಟ್ಟವರು.

ಕನ್ನಡ ನೆನಪಿನಲ್ಲಿ

ಕನ್ನಡ ಜನ ಈ ಪತನವನ್ನು ಬೇರೊಂದು ರೀತಿಯಲ್ಲಿ ನೆನಪಿಟ್ಟುಕೊಂಡರು. ಕಂಪಿಲನ ಮಗ ಕುಮಾರರಾಮನೇ ಅವರ ಕಥೆಯ ನಾಯಕ. ನಂಜುಂಡ ಕವಿಯೇ ಮೊದಲಾದವರು ಅವನ ಮೇಲೆ ಸಾಂಗತ್ಯಗಳನ್ನು ರಚಿಸಿದರು. ಅವುಗಳಲ್ಲಿ ಮಲತಾಯಿ ರತ್ನಾಜಿಯ ಮೋಹ, ಅವಳ ದೂರನ್ನು ನಂಬಿ ತಂದೆ ಕೊಡುವ ಶಿರಚ್ಛೇದದ ಆಜ್ಞೆ, ಮಂತ್ರಿ ಬೈಚಪ್ಪನು ರಾಮನನ್ನು ಅಡಗಿಸಿಡುವ ಉಪಾಯ, ದಿಲ್ಲಿಯಿಂದ ಬರುವ ಮಾತಂಗಿ ಎಂಬ ವೀರಳ ಪ್ರಸಂಗಗಳಿವೆ. ಪರನಾರೀ ಸೋದರನೆಂಬ ಹೆಸರು ಪಡೆದ ರಾಮನು ದೈವವಾದನು. ಮಲೆನಾಡಿನ ಕೆಲವು ಊರುಗಳಲ್ಲಿ ಅವನ ಮರದ ಮುಖಗಳು ಇಂದಿಗೂ ಪೂಜೆಗೊಳ್ಳುತ್ತವೆ. ಬಯಲುಸೀಮೆಯ ಕಲ್ಲು ಬೆಟ್ಟದಲ್ಲಿ ಬಿದ್ದ ವೀರನ ತಲೆಯನ್ನು ಮಲೆನಾಡಿನ ಜನ ಮರದಲ್ಲಿ ಕಡೆದು ಕಾಪಾಡಿದ್ದಾರೆ. ಬಯಲಿಗೂ ಮಲೆಗೂ ನಡುವೆ ಹೊಳೆಯಲ್ಲದೆ ಬೇರೆ ನಂಟೂ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ಈ ಕಥೆಯನ್ನು ಇತ್ತೀಚೆಗೆ ಎರಡು ಧರ್ಮಗಳ ಕಾಳಗವೆಂದು ಮಾತ್ರ ಹೇಳುವ ಅಭ್ಯಾಸವಿದೆ. ದಾಖಲೆಗಳು ಅದಕ್ಕೆ ಎಡೆಗೊಡುವುದಿಲ್ಲ. ಮರೆಹೊಕ್ಕವನು ಮುಸಲ್ಮಾನ, ಮರೆ ಕೊಟ್ಟವನು ಹಿಂದೂ. ಬೆನ್ನಟ್ಟಿದವನು ಮರೆಹೊಕ್ಕವನ ಸ್ವಂತ ಸೋದರ ಸಂಬಂಧಿ. ಹಿಡಿದೊಪ್ಪಿಸಿದವನು ಮರೆ ಕೊಟ್ಟವನ ಧರ್ಮದವನೇ. ಸತ್ತವನ ಚರ್ಮಕ್ಕೆ ಮಣ್ಣು ಕೊಟ್ಟು ಜೀವ ತೆತ್ತವನು ಮತ್ತೆ ಮುಸಲ್ಮಾನ. ಕಂಪಿಲನ ಕೊನೆಯನ್ನು ಗೌರವದಿಂದ ಬರೆದಿಟ್ಟವನು ಮೊರಾಕ್ಕೊದ ಒಬ್ಬ ಖಾಜಿ. ಕುಮ್ಮಟದ ಬೆಟ್ಟ ಮರೆ ಕೊಡುವಾಗ ಬಂದವನ ಜಾತಿ ಕೇಳಲಿಲ್ಲ. ಅದರ ಕಥೆಯನ್ನು ಹೇಳುವವರು ಕೇಳುವುದು ಆ ಬೆಟ್ಟಕ್ಕೆ ಮಾಡುವ ಅನ್ಯಾಯ.

ಬರಡು ಗುಡ್ಡದ ಬೆಲೆ

ಇಂದು ಈ ಸೀಮೆಯ ಬೆಟ್ಟಗಳ ಮೇಲೆ ಬೇರೊಂದು ಮುತ್ತಿಗೆಯಿದೆ. ಕುಷ್ಟಗಿ, ಇಳಕಲ್ಲುಗಳ ಸುತ್ತಲಿನ ಗುಲಾಬಿ ಗ್ರಾನೈಟು ದೂರದ ದೇಶಗಳಿಗೆ ಹೋಗುತ್ತದೆ. ಹೊಳೆಯಾಚೆ ಸಂಡೂರಿನ ಸಾಲಿನಲ್ಲಿ, ಕಂಪಿಲನ ಹೊಸಮಲೆದುರ್ಗವಿತ್ತೆನ್ನಲಾದ ಬೆಟ್ಟಗಳಲ್ಲಿ, ಕಬ್ಬಿಣದ ಅದಿರಿನ ಗಣಿಗಾರಿಕೆ ಎಷ್ಟು ಮಿತಿ ಮೀರಿತೆಂದರೆ 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು. ಕಾಗದ ಸುಟ್ಟರೆ ಬೇರೆ ಪ್ರತಿ ಸಿಗಬಹುದು. ಬೆಟ್ಟವನ್ನು ಒಡೆದು ಲಾರಿಗೆ ತುಂಬಿದ ಮೇಲೆ ಅದರ ಕೋಟೆಯ ಗೋಡೆ, ಅದರ ದೊಣೆ, ಅದರ ಶಾಸನ, ಅದರ ಹೆಸರು ಯಾವುದಕ್ಕೂ ಪ್ರತಿಯಿಲ್ಲ.

ಮಲೆನಾಡಿನ ಬೆಟ್ಟಗಳ ಪರವಾಗಿ ವಾದಿಸುವುದು ಒಂದರ್ಥದಲ್ಲಿ ಸುಲಭ. ಅಲ್ಲಿ ಕಾಡಿದೆ, ಹೊಳೆಗಳ ಮೂಲವಿದೆ. ತುಂಗೆಯೂ ಭದ್ರೆಯೂ ಹುಟ್ಟುವ ಸಾಲಿನಲ್ಲಿ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಅಂತಹ ವಾದದ ಗೆಲುವು. ಕೊಪ್ಪಳದ ಕಲ್ಲು ಗುಡ್ಡದ ಪರವಾಗಿ ಮಾತನಾಡುವವನು ಏನನ್ನು ತೋರಿಸಬೇಕು? ತೋರಿಸಲು ಬೇಕಾದಷ್ಟಿದೆ. ಈ ಬಂಡೆಗಳ ಸಂದಿಗಳಲ್ಲಿ ಕರಡಿಗಳಿವೆ, ಚಿರತೆಗಳಿವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಮೀಸಲಾದ ಧಾಮವಿದೆ. ಬಂಡೆಯ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ಬುಡದ ಕೆರೆಯನ್ನು ತುಂಬುತ್ತದೆ; ಬೆಟ್ಟ ಹೋದರೆ ಆ ಕೆರೆಯ ಜಲಾನಯನವೇ ಹೋಗುತ್ತದೆ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಮೇಲೆ ಕಬ್ಬಿಣಯುಗದ ಜನ ಸತ್ತವರಿಗಾಗಿ ಕಟ್ಟಿದ ನೂರಾರು ಕಲ್ಮನೆಗಳಿವೆ. 2021ರಲ್ಲಿ ಅವು ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿವೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷಗಳಿಗೂ ಮೀರಿದ ಕಾಲ ಜನ ಈ ಗುಡ್ಡಗಳನ್ನು ಬರಡೆಂದು ತಿಳಿಯಲಿಲ್ಲ. ಹೇಳಬೇಕಾದ ಮಾತನ್ನು ಅವುಗಳ ಮೇಲೆಯೇ ಬರೆದರು, ಸತ್ತವರನ್ನು ಅವುಗಳ ಮೇಲೆಯೇ ಮಲಗಿಸಿದರು, ಆಪತ್ತು ಬಂದಾಗ ಅವುಗಳನ್ನೇ ಹೊಕ್ಕರು.

ಆದುದರಿಂದ ಬೆಟ್ಟವೊಂದನ್ನು ಗುತ್ತಿಗೆಗೆ ಕೊಡುವ ಮೊದಲು ಅದರಲ್ಲಿ ಎಷ್ಟು ಘನ ಮೀಟರು ಕಲ್ಲಿದೆ ಎಂಬ ಲೆಕ್ಕದ ಜತೆಗೆ ಅದರಲ್ಲಿ ಯಾರ ನೆನಪಿದೆ, ಯಾವ ಜೀವವಿದೆ ಎಂಬ ಲೆಕ್ಕವನ್ನೂ ಕೇಳುವ ಹಕ್ಕು ಬುಡದ ಊರಿನವರಿಗೆ ಇರಬೇಕು. ಅದಕ್ಕೆ ದಾರಿಯೂ ಇಲ್ಲದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಲು ಅವಕಾಶವಿದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ ಇದೇ ಕಾಯಿದೆಯ ಅಡಿಯಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಆ ತೋಪಿನಲ್ಲಿ ಹಳೆಯ ಮರಗಳೂ ಹಳೆಯ ಗುಡಿಯ ಅವಶೇಷಗಳೂ ಒಟ್ಟಿಗೆ ಉಳಿದವು. ಮರದ ಪರವಾದ ಮಾತು ಕಲ್ಲಿನ ಚರಿತ್ರೆಯನ್ನೂ ಕಾಪಾಡಬಲ್ಲದು. ಕಲ್ಲಿನ ಚರಿತ್ರೆ ಮರವನ್ನೂ ಕಾಪಾಡಬಲ್ಲದು.

ಇದು ಪಂಡಿತರು ಬಂದು ಮಾಡಬೇಕಾದ ಕೆಲಸವಲ್ಲ. ರಜೆಯ ಒಂದು ದಿನ ಹತ್ತು ಮಂದಿ ವಿದ್ಯಾರ್ಥಿಗಳು ಊರ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಗುಡ್ಡ ಹತ್ತಿದರೆ ಸಾಕು. ದೊಣೆಗಳ ಹೆಸರು, ಬಂಡೆಗಳ ಹೆಸರು, ಕಾಲುದಾರಿ, ಹಾಳು ಗೋಡೆ, ವೀರಗಲ್ಲು, ಮಾಸ್ತಿಕಲ್ಲು, ಬೇಸಿಗೆಯಲ್ಲೂ ಒಣಗದ ನೀರಿನ ತಾಣ, ಅಲ್ಲಿ ಬೆಳೆಯುವ ಗಿಡ, ಕಾಣುವ ಪ್ರಾಣಿ ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಗ್ರಾಮಸಭೆಯ ಮುಂದೆ ಓದಿ, ನಡವಳಿಯಲ್ಲಿ ಸೇರಿಸಬೇಕು. ಇಂತಹ ದಾಖಲೆ ಇಲ್ಲದ ಬೆಟ್ಟ ಸರಕಾರದ ಕಡತದಲ್ಲಿ ಬರಿಯ ಸರ್ವೆ ನಂಬರು. ದಾಖಲೆ ಇರುವ ಬೆಟ್ಟದ ಪರವಾಗಿ ನ್ಯಾಯಾಲಯದಲ್ಲಿಯೂ ಮಾತನಾಡಬಹುದು. ಮಲೆನಾಡಿನಲ್ಲಿ ಕುಮಾರರಾಮನ ಮುಖಗಳಿರುವ ಊರುಗಳವರು ತಮ್ಮ ಕಥೆಗಳನ್ನೂ ಬರೆದುಕೊಂಡು ಕುಮ್ಮಟದ ಸೀಮೆಯವರೊಡನೆ ಹಂಚಿಕೊಂಡರೆ, ಒಂದೇ ಹೊಳೆಯ ಮೇಲಿನವರೂ ಕೆಳಗಿನವರೂ ಒಂದೇ ಮಾತನ್ನು ಆಡಿದಂತಾಗುತ್ತದೆ.

ಕುಮ್ಮಟ ಬಿದ್ದ ಹತ್ತು ವರ್ಷದೊಳಗೆ, 1336ರಲ್ಲಿ, ಹೊಳೆಯ ಆಚೆ ದಂಡೆಯಲ್ಲಿ ವಿಜಯನಗರ ತಲೆಯೆತ್ತಿತು. ಅದನ್ನು ಕಟ್ಟಿದ ಹರಿಹರ ಬುಕ್ಕರು ಕಂಪಿಲನ ಆಶ್ರಯದಲ್ಲಿದ್ದು, ಅವನ ಪತನದಲ್ಲಿ ಸೆರೆಯಾಗಿ ದಿಲ್ಲಿಗೆ ಹೋಗಿ ಮರಳಿದವರೆಂದು ಇತಿಹಾಸಕಾರರ ಒಂದು ಪಕ್ಷ ವಾದಿಸುತ್ತದೆ. ಆ ವಾದ ಹೇಗೇ ಇರಲಿ, ಹಂಪಿಯ ವೈಭವವನ್ನು ನೋಡಿ ಬೆರಗಾಗುವವರು ಹೊಳೆ ದಾಟಿ ಒಮ್ಮೆ ಈ ಬೆಟ್ಟದ ಕಡೆಗೂ ಬರಬೇಕು. ಇಲ್ಲಿ ಕಲ್ಲಿನ ರಥವಿಲ್ಲ. ಬಂಡೆಗಳಿವೆ, ಹಾಳು ಗೋಡೆಗಳಿವೆ, ಮಳೆಗಾಲದಲ್ಲಿ ದೊಣೆಗಳ ತುಂಬ ನೀರಿರುತ್ತದೆ. ಏಳು ನೂರು ವರ್ಷಗಳ ಹಿಂದೆ ಈ ಬೆಟ್ಟದ ಜನ ಪರದೇಶಿಯೊಬ್ಬನನ್ನು ಒಪ್ಪಿಸಲಾರೆವೆಂದು ಹೇಳಿ ಅದರ ಬೆಲೆಯನ್ನು ತೆತ್ತರು. ಅವರ ಬೆಟ್ಟವನ್ನು ಒಪ್ಪಿಸಬೇಕೇ ಬೇಡವೇ ಎಂಬುದನ್ನು ಹೇಳುವ ಸರದಿ ಈಗ ಅದರ ಬುಡದಲ್ಲಿ ಬದುಕುವವರದು.